ಓದುಗರ ಪ್ರಶ್ನೆ: ಹಾಕಿದ ಹಣ ಹುಟ್ಟುತ್ತದೆಯೇ?

ಪ್ರಶ್ನೆ: ಈ ಬಾರಿ ರಾಶಿ ಅಡಿಕೆ ಮಾರಿ ಬಂದ ಹಣವನ್ನು ಕೃತಕ ಬುದ್ಧಿಮತ್ತೆಯ ಕಂಪನಿಗಳ ಷೇರಿಗೆ ಹಾಕೋಣ, ಸಾಲದಿದ್ದರೆ ತೋಟದ ಮೇಲೆ ಸಾಲ ತೆಗೆಯೋಣ ಎಂದು ಬೆಂಗಳೂರಿನಲ್ಲಿರುವ ಮಗ ಒತ್ತಾಯಿಸುತ್ತಿದ್ದಾನೆ. ಜಗತ್ತೆಲ್ಲ ಇದಕ್ಕೆ ಸುರಿಯುತ್ತಿರುವ ದುಡ್ಡು ವಾಪಸು ಬರುವಂಥದ್ದೇ?
– ಓದುಗರೊಬ್ಬರು, ಸಾಗರ ತಾಲ್ಲೂಕು

ಉತ್ತರ: ತಂತ್ರಜ್ಞಾನ ಉಪಯೋಗಕ್ಕೆ ಬರುತ್ತದೆಯೇ ಎಂಬುದು ಒಂದು ಪ್ರಶ್ನೆ, ಅದಕ್ಕೆ ಹಾಕಿದ ಹಣ ಹುಟ್ಟುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ಇಂಟರ್ನೆಟ್ ಬದುಕನ್ನೇ ಬದಲಿಸುತ್ತದೆ ಎಂದು 1990ರ ದಶಕದಲ್ಲಿ ಹೇಳಿದವರ ಮಾತು ನಿಜವಾಯಿತು. ಆದರೂ 2000ದ ಮಾರ್ಚ್‌ನಲ್ಲಿ 5,000 ದಾಟಿದ್ದ, ತಂತ್ರಜ್ಞಾನ ಕಂಪನಿಗಳ ಷೇರುಗಳೇ ಹೆಚ್ಚಿರುವ ಅಮೆರಿಕದ ನಾಸ್ಡಾಕ್ ಷೇರು ಸೂಚ್ಯಂಕ 2002ರ ಅಕ್ಟೋಬರ್ ಹೊತ್ತಿಗೆ ಸುಮಾರು 1,100ಕ್ಕೆ ಕುಸಿದು, ಮತ್ತೆ ಆ ಎತ್ತರ ಮುಟ್ಟಿದ್ದು 2015ರಲ್ಲಿ.

ನಮ್ಮ ಸೀಮೆಯ ವೆನಿಲ್ಲಾ ನಿಮಗೆ ಮರೆತಿರಲಾರದು. 2000ದಲ್ಲಿ ಮಡಗಾಸ್ಕರ್‌ಗೆ ಚಂಡಮಾರುತ ಬಡಿದ ಮೇಲೆ ಬೆಲೆ ಏರುತ್ತಲೇ ಹೋದಾಗ ಅಡಿಕೆ ಮರಗಳ ನಡುವೆ ಬಳ್ಳಿ ಹಬ್ಬಿಸಿದವರು, ಬೆಳಿಗ್ಗೆ ಅರಳಿ ಅಂದೇ ಬಾಡುವ ಹೂವುಗಳಿಗೆ ಒಂದೊಂದಾಗಿ ಕಡ್ಡಿಯಿಂದ ಪರಾಗಸ್ಪರ್ಶ ಮಾಡಿದರು. ಕೋಡು ಕಳುವಾಗದಂತೆ ರಾತ್ರಿಯಿಡೀ ತೋಟ ಕಾದರು. ಬಳ್ಳಿ ಫಸಲಿಗೆ ಬರಲು ಮೂರು ವರ್ಷ ಬೇಕು. ಅನೇಕರ ಬಳ್ಳಿ ಕಾಯಿ ಬಿಡುವಷ್ಟರಲ್ಲಿ ಬೆಲೆ ನೆಲ ಕಚ್ಚಿತ್ತು. ವೆನಿಲ್ಲಾದ ಪರಿಮಳವೇನೂ ಕಡಿಮೆಯಾಗಿರಲಿಲ್ಲ; ಏರಿದ ಬೆಲೆಯೇ ನಿಲ್ಲುತ್ತದೆಂದು ಹಾಕಿದ ಲೆಕ್ಕ ತಪ್ಪಿತ್ತು.

ಯಂತ್ರದ ಆಯುಷ್ಯವನ್ನೂ ನೋಡಬೇಕು. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟೆಯ ನೀರಿನಿಂದ ಇಂದಿಗೂ ವಿದ್ಯುತ್ ಹುಟ್ಟುತ್ತಿದೆ (ಮುಳುಗಡೆಯಾದ ಕುಟುಂಬಗಳು ತೆತ್ತ ಬೆಲೆಯನ್ನು ಯಾವ ಜಮಾಖರ್ಚೂ ತೋರಿಸಲಿಲ್ಲ ಎಂಬುದನ್ನು ಸಾಗರದವರಿಗೆ ನಾನು ಹೇಳಬೇಕಾಗಿಲ್ಲ). ಕೃತಕ ಬುದ್ಧಿಮತ್ತೆಯನ್ನು ನಡೆಸುವ ಕಂಪ್ಯೂಟರುಗಳಿರುವ ಡೇಟಾ ಸೆಂಟರಿನ ದುಬಾರಿ ಚಿಪ್‌ಗಳಾದರೋ ಹೊಸ ತಲೆಮಾರಿನವು ಬಂದಂತೆ ಕೆಲವೇ ವರ್ಷಗಳಲ್ಲಿ ಹಳತಾಗುವುದರಿಂದ, ಅಸಲು ಅಷ್ಟರೊಳಗೇ ಹುಟ್ಟಬೇಕು. ಅದರ ಮೇಲೆ, ಗ್ರಾಹಕ ಕೇಳಿದ ಪ್ರತಿಯೊಂದು ಪ್ರಶ್ನೆಗೂ ಕರೆಂಟು ಸುಡುತ್ತದೆ. ಚಿಪ್ ಮಾರುವ ಎನ್‌ವಿಡಿಯಾ ಕಂಪನಿಯು, ತನ್ನ ಚಿಪ್ ಬಳಸುವ, ಚಾಟ್‌ಜಿಪಿಟಿ ತಯಾರಿಸಿದ ಓಪನ್‌ಎಐ ಕಂಪನಿಯಲ್ಲಿ ತಾನೇ ಹಣ ಹೂಡುವುದಾಗಿ 2025ರಲ್ಲಿ ಪ್ರಕಟಿಸಿದ್ದು ನನ್ನ ಅನುಮಾನವನ್ನು ಹೆಚ್ಚಿಸಿದೆ: ಖರೀದಿದಾರನಿಗೆ ಮಂಡಿಯವರೇ ದುಡ್ಡು ಕೊಟ್ಟು ಅಡಿಕೆ ಕೊಳ್ಳಿಸಿದರೆ, ಆ ದರವನ್ನು ನೀವು ನಂಬುವಿರಾ?

ಎಲೆಚುಕ್ಕಿ ರೋಗದಿಂದ ಮುಂದಿನ ಫಸಲಿಗೇ ಭರವಸೆಯಿಲ್ಲದಿರುವಾಗ ತೋಟದ ಮೇಲೆ ಸಾಲ ಖಂಡಿತ ಬೇಡ. ಕಳೆದುಕೊಂಡರೂ ಮನೆ ನಡೆಯುವಷ್ಟನ್ನು ಮಗ ತನ್ನ ಸಂಬಳದಿಂದ ಹಾಕಲಿ. ಅದಕ್ಕೂ ಮೊದಲು ಆ ಕಂಪನಿಯ ವಾರ್ಷಿಕ ವರದಿ ತೆರೆದು, ಗ್ರಾಹಕರಿಂದ ಬಂದದ್ದೆಷ್ಟು, ಯಂತ್ರಗಳಿಗೆ ಹೋದದ್ದೆಷ್ಟು ಎಂಬುದನ್ನು ನಿಮ್ಮೆದುರು ಕುಳಿತು ಓದಿ ಹೇಳಲಿ.