ಹಳೆಯ ಎತ್ತರ, ಹೊಸ ತೂಕ

(ಹೆಸರು, ಗುರುತು ಬದಲಿಸಿದ್ದೇನೆ.)

ಚಿನ್ಮಯಿಗೆ ಆಗಷ್ಟೇ ಹತ್ತು ತುಂಬಿತ್ತು. ಶಾಲೆಯ ಆರೋಗ್ಯ ಕಾರ್ಡಿನಲ್ಲಿ ‘ಬೊಜ್ಜು’ ಎಂದು ಬರೆದು ಬಂದ ಮೇಲೆ ಊಟದ ಡಬ್ಬಿ ಮುಟ್ಟದೆ ವಾಪಸ್ ತರುತ್ತಿದ್ದಳು. ತೂಕ ನೋಡಿದ್ದು ಇಡೀ ತರಗತಿಯ ಮುಂದೆ. ಒಬ್ಬರು ಕೂಗಿ ಹೇಳುವುದು, ಇನ್ನೊಬ್ಬರು ಬರೆದುಕೊಳ್ಳುವುದು. ಅವತ್ತೇ ಅಡ್ಡಹೆಸರೂ ಬಿತ್ತು.

“ನಾವೇನೂ ಬೈದಿಲ್ಲ ಮೇಡಂ, ಅವಳೇ ತಿನ್ನೋದು ಬಿಟ್ಟಳು” ಎಂದರು ಅವಳನ್ನು ನನ್ನ ಬಳಿ ಕರೆತಂದ ಅಮ್ಮ. ಅಪ್ಪನ ವಾದ ಬೇರೆ, ಅದು ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಂಕಿ) ಬಗ್ಗೆ: “ಬಿಎಂಐ ಇಪ್ಪತ್ತೈದರ ಒಳಗಿದ್ರೆ ನಾರ್ಮಲ್ ಅಲ್ವಾ?”

ಕಾರ್ಡ್ ನೋಡಿದೆ. ತೂಕ 40 ಕಿಲೋ, ಎತ್ತರ 132 ಸೆಂ.ಮೀ., ಬಿಎಂಐ 23. ಹಿಂದಿನ ವರ್ಷದ ಸಾಲಿನಲ್ಲೂ ಎತ್ತರ 132! ಈ ವಯಸ್ಸಿನಲ್ಲಿ ಮಕ್ಕಳು ವರ್ಷಕ್ಕೆ ಐದಾರು ಸೆಂ.ಮೀ. ಬೆಳೆಯುತ್ತಾರೆ. ಶೂ ಬಿಚ್ಚಿಸಿ, ಕ್ಲಿಪ್ ತೆಗೆಸಿ, ಹಿಮ್ಮಡಿ ಗೋಡೆಗೆ ತಾಗಿಸಿ ಅಳೆದೆ. 138 ಬಂತು. ಕಿಲೋ ತೂಕವನ್ನು ಮೀಟರ್ ಎತ್ತರದಿಂದ ಎರಡು ಸಲ ಭಾಗಿಸುವ ಲೆಕ್ಕ ಬಿಎಂಐ, ಹಾಗಾಗಿ ಎತ್ತರದ ತಪ್ಪು ಜಾಸ್ತಿ ಕಾಡುತ್ತದೆ. ಸರಿಯಾದ ಬಿಎಂಐ 21.

ವಿಶ್ವ ಆರೋಗ್ಯ ಸಂಸ್ಥೆಯ 2007ರ ಪಟ್ಟಿಯಲ್ಲಿ ಹತ್ತು ವರ್ಷದ ಹುಡುಗಿಗೆ 19 ದಾಟಿದರೆ ಅಧಿಕ ತೂಕ, 22.6 ದಾಟಿದರೆ ಬೊಜ್ಜು. ಅಂದರೆ ಬೊಜ್ಜು ಅಲ್ಲ, ಆದರೆ ತೂಕ ಹೆಚ್ಚಿರುವುದು ನಿಜ. ಇಪ್ಪತ್ತೈದರ ಗೆರೆ ದೊಡ್ಡವರದ್ದು, ಮಕ್ಕಳಿಗೆ ವಯಸ್ಸು ಮತ್ತು ಲಿಂಗ ನೋಡಿಯೇ ಹೇಳಬೇಕು ಎಂದು ಅಪ್ಪನಿಗೆ ತಿಳಿಸಿದೆ. ನಮ್ಮ ದೇಶದ ಮಕ್ಕಳ ವೈದ್ಯರು ಬಳಸುವ ಐಎಪಿ (ಭಾರತೀಯ ಮಕ್ಕಳ ವೈದ್ಯರ ಸಂಘ) ಚಾರ್ಟಿನ ಗೆರೆಗಳು ಬೇರೆ. ಅದಕ್ಕೇ ಯಾವ ಚಾರ್ಟ್ ಎಂದು ಕಾರ್ಡಿನಲ್ಲಿ ಬರೆದಿರಬೇಕು.

ಅವಳಿಗೆ ಡಯಟ್ ಬೇಡವೆಂದೆ. ತೂಕ ಬೇಗ ಏರದಿದ್ದರೆ ಸಾಕು, ಎತ್ತರ ಬೆಳೆಯುತ್ತಾ ಹೊಂದಿಕೊಳ್ಳುತ್ತದೆ. ಜ್ಯೂಸ್ ಪ್ಯಾಕೆಟ್, ಬೇಕರಿ ತಿಂಡಿ ಮನೆಮಂದಿಗೆಲ್ಲ ಕಡಿಮೆಯಾಗಲಿ, ಅವಳೊಬ್ಬಳಿಗೆ ಮಾತ್ರ ಬೇಡ. ಸಂಜೆ ಆಟ ತಪ್ಪಿಸಬೇಡಿ. ಮಕ್ಕಳ ವೈದ್ಯರಿಗೂ ಒಮ್ಮೆ ತೋರಿಸಿ. “ಕಾರ್ಡಿನಲ್ಲಿ ಲೆಕ್ಕ ತಪ್ಪಾಗಿತ್ತು ಪುಟ್ಟಿ, ನೀನು ಊಟ ಬಿಡಬೇಡ” ಎಂದಾಗ ಅವಳು ಕೇಳಿದ್ದು ಒಂದೇ: “ಕ್ಲಾಸಲ್ಲೂ ಹೇಳ್ತೀರಾ?”

ಪೋಷಕರ ಒಪ್ಪಿಗೆ ಪಡೆದು ಶಾಲೆಗೆ ಹೋದೆ. ಇಡೀ ತರಗತಿಯ ಎತ್ತರ ಹಳೆಯದೇ ಆಗಿತ್ತು. ಹಾಗಾದರೆ ಎಲ್ಲರ ಬಿಎಂಐ ಏರುತ್ತದೆ, ಶಾಲೆ ಕಳಿಸುವ ಬೊಜ್ಜಿನ ಶೇಕಡಾವಾರು ಕೂಡ. ಇನ್ನೊಂದು ಕಡೆ, ಅವಮಾನವಾದ ಮಕ್ಕಳು ಮುಂದಿನ ಸಲ ತೂಕದ ದಿನ ರಜೆ ಹಾಕುತ್ತಾರೆ, ಆಗ ಅದೇ ಅಂಕಿ ಇಳಿಯುತ್ತದೆ. ಎರಡೂ ಸುಳ್ಳು. ಎತ್ತರ, ತೂಕ ಒಂದೇ ದಿನ ಅಳೆಯಿರಿ, ಒಬ್ಬೊಬ್ಬರನ್ನೇ ಕರೆಯಿರಿ, ಫಲಿತಾಂಶ ಪೋಷಕರ ಕೈಗೆ ಮಾತ್ರ ಕೊಡಿ ಎಂದೆ. ಮುಖ್ಯೋಪಾಧ್ಯಾಯರು ಹಳೆಯ ಕಾರ್ಡುಗಳನ್ನು ವಾಪಸ್ ಪಡೆದು, ಆ ವಾರವೇ ಮತ್ತೆ ಅಳೆಸಿದರು.