ವ್ಯಾಯಾಮ ಮಾಡಿಸುವ ಹುಡುಗನ ಮೇಲೆ ಇಡೀ ಮನೆಯ ಭಾರ

ಗಿರಿಜಾ (ಹೆಸರು ಬದಲಿಸಿದೆ) ಹಾಸನ ಜಿಲ್ಲೆಯ ಗೃಹಿಣಿ. ವಯಸ್ಸು ಐವತ್ತು ದಾಟಿದೆ. ಯಜಮಾನರಿಗೆ ಐದು ತಿಂಗಳ ಹಿಂದೆ ಸ್ಟ್ರೋಕ್ ಆಗಿ ಬಲಗೈ, ಬಲಗಾಲು ಸ್ವಾಧೀನದಲ್ಲಿಲ್ಲ. ಗಿರಿಜಾ ಆಪ್ತ ಸಲಹೆಗೆ ನನ್ನ ಹತ್ತಿರ ಬಂದಿದ್ದು ತಮಗೆ ನಿದ್ದೆ ಬರುತ್ತಿಲ್ಲ ಅಂತ. ಮಾತಾಡುತ್ತಾ ಹೋದಾಗ ಗೊತ್ತಾಯಿತು, ಮನೆಯಲ್ಲಿ ದಿನಾ ಬೆಳಿಗ್ಗೆ ಜಗಳ.

"ಏಜೆನ್ಸಿಯವರು ಫಿಸಿಯೋ ಅಂತ ಒಬ್ಬ ಹುಡುಗನ್ನ ಕಳಿಸಿದ್ರು ಮೇಡಂ. ಎಣ್ಣೆ ಹಚ್ಚಿ ಕೈ ಎಳೀತಾನೆ. ಇವರು ನೋವು ಅಂತ ಕೂಗ್ತಾರೆ. ಒಂದು ತಿಂಗಳಲ್ಲಿ ನಡೆಸ್ತೀನಿ ಅಂದಿದ್ದ. ತಿಂಗಳು ಮುಗೀತು. ಈಗ ಇವರು ಗೋಡೆ ಕಡೆ ತಿರುಗಿ ಮಲಗಿಬಿಡ್ತಾರೆ. ಏಳಿ ಅಂದ್ರೆ ನನಗೇ ಬೈಗುಳ."

ಹುಡುಗ ಏನು ಓದಿದ್ದಾನೆ ಅಂತ ಕೇಳಿದೆ. ಗೊತ್ತಿರಲಿಲ್ಲ. ಡಿಸ್ಚಾರ್ಜ್ ಆದ ಮೇಲೆ ಯಾವ ಫಿಸಿಯೋಥೆರಪಿಸ್ಟೂ ಅವರನ್ನು ನೋಡಿರಲಿಲ್ಲ.

ತುಂಬಾ ಮನೆಗಳು ಎಡವುವುದು ಇಲ್ಲೇ. ಫಿಸಿಯೋಥೆರಪಿಸ್ಟ್ ಅಂದರೆ ಬಿಪಿಟಿ (ಬ್ಯಾಚುಲರ್ ಆಫ್ ಫಿಸಿಯೋಥೆರಪಿ) ಪದವಿ ಮಾಡಿದವರು. ರೋಗಿಯನ್ನು ಪರೀಕ್ಷಿಸಿ ಯಾವ ವ್ಯಾಯಾಮ, ಎಷ್ಟು ಸಲ, ಯಾವುದು ಬೇಡ ಅಂತ ತೀರ್ಮಾನಿಸುವವರು ಅವರು. ಸಹಾಯಕ ಅದನ್ನು ದಿನಾ ಮಾಡಿಸುತ್ತಾನೆ, ಎದ್ದು ನಿಲ್ಲುವಾಗ ಆಸರೆ ಕೊಡುತ್ತಾನೆ, ನೋವು ಅಂದರೆ ನಿಲ್ಲಿಸಿ ಫಿಸಿಯೋಗೆ ತಿಳಿಸುತ್ತಾನೆ. ತಾನಾಗಿ ವ್ಯಾಯಾಮ ಬದಲಿಸುವ ಹಾಗಿಲ್ಲ. ಯಾವಾಗ ನಡೀತಾರೆ ಅಂತ ಮಾತು ಕೊಡುವುದೂ ಅವನ ಕೆಲಸ ಅಲ್ಲ. ಅಮೆರಿಕದಲ್ಲಿ ಈ ಸಹಾಯಕರಿಗೇ 2 ವರ್ಷದ ಕೋರ್ಸ್ ಇದೆ, ಲೈಸೆನ್ಸ್ ಇದೆ. ನಮ್ಮಲ್ಲಿ ಅಟೆಂಡರ್, ಹೋಮ್ ನರ್ಸ್, ಮಸಾಜ್ ಮಾಡುವವರು ಎಲ್ಲರಿಗೂ ಸುಮ್ನೆ ಫಿಸಿಯೋ ಅಂದುಬಿಡುತ್ತೇವೆ.

ಸ್ಟ್ರೋಕ್ ಆದ ಕೈಯಲ್ಲಿ ಸ್ನಾಯುಗಳ ಹಿಡಿತ ತಪ್ಪಿ ಭುಜದ ಕೀಲು ಸಡಿಲವಾಗಿರಬಹುದು. ಆ ಕೈ ಹಿಡಿದು ಎಳೆದರೆ, ಕಂಕುಳಿಗೆ ಕೈ ಹಾಕಿ ಎತ್ತಿದರೆ ಕೀಲು ಇನ್ನೂ ಜಾರಬಹುದು. ಇದನ್ನು ಹೇಳಿದಾಗ ಗಿರಿಜಾ ಅತ್ತೇಬಿಟ್ಟರು. "ನಾಟಕ ಮಾಡ್ಬೇಡಿ ಅಂದಿದ್ದೆ ಮೇಡಂ."

ಎಳೆಯುವುದನ್ನು ಇವತ್ತೇ ನಿಲ್ಲಿಸಿ ಅಂದೆ. ಡಿಸ್ಚಾರ್ಜ್ ಕಾಗದ ಹಿಡಿದು ಜಿಲ್ಲಾಸ್ಪತ್ರೆಯ ಫಿಸಿಯೋಥೆರಪಿ ವಿಭಾಗದಲ್ಲಿ ಭುಜ ತೋರಿಸಿ, ವ್ಯಾಯಾಮಗಳನ್ನು ಬರೆಸಿಕೊಳ್ಳಿ. ನಿಮ್ಮ ಊರಿಗೆ ಬರುವವರು ಯಾರಿದ್ದಾರೆ ಅಂತ ಅವರನ್ನೇ ಕೇಳಿ. ಯಾರೇ ಬರಲಿ, ಏನು ಓದಿದ್ದೀರಿ, ನಿಮ್ಮ ಮೇಲೆ ಯಾವ ಫಿಸಿಯೋ ಇದ್ದಾರೆ, ಅವರು ಎಷ್ಟು ದಿನಕ್ಕೊಮ್ಮೆ ಬಂದು ನೋಡುತ್ತಾರೆ ಅಂತ ವಿಚಾರಿಸಿ. ಆ ಫಿಸಿಯೋ ನಂಬರ್ ಕೊಡದಿದ್ದರೆ ಬೇಡವೇ ಬೇಡ.

"ಹಾಗಾದ್ರೆ ಹುಡುಗನ್ನ ಬಿಡಿಸಲಾ?"

ಬೇಕಿಲ್ಲ. ಸ್ನಾನಕ್ಕೆ, ವಾಕರ್ ಹಿಡಿಯುವಾಗ ಅವನ ಕೈ ಬೇಕು. ಫಿಸಿಯೋ ಎದುರಲ್ಲೇ ಮಾಡಿ ತೋರಿಸಿ, ಅವರು ಸರಿ ಅಂದರೆ ಬರೆದುಕೊಟ್ಟಷ್ಟನ್ನು ಅವನೂ ಮಾಡಿಸಬಹುದು. ಗಿರಿಜಾಗೆ ಮಾತ್ರ, ಆ ಹೊತ್ತಲ್ಲಿ ನೀವು ಕೋಣೆಯಲ್ಲಿ ಇರಬೇಡಿ ಅಂದೆ. ಮುಗಿದ ಮೇಲೆ ಕಾಫಿ ತಗೊಂಡು ಹೋಗಿ ಜೊತೆಗೆ ಕೂತರೆ ಸಾಕು. ಐದು ತಿಂಗಳಿಂದ ಅವರಿಬ್ಬರು ಕಾಯಿಲೆ ಬಿಟ್ಟು ಬೇರೆ ಏನೂ ಮಾತಾಡಿರಲಿಲ್ಲ.

ಇನ್ನೊಂದು ವಿಷಯ. ಸ್ಟ್ರೋಕ್ ಆದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ. ಗೋಡೆ ಕಡೆ ತಿರುಗಿ ಮಲಗುವುದನ್ನು ಬರೀ ಹಟ ಅನ್ನಬೇಡಿ, ಡಾಕ್ಟರಿಗೆ ತಿಳಿಸಿ ಅಂದೆ. ರಾತ್ರಿ ತಡೆಯಲಾಗದಿದ್ದರೆ ಗಿರಿಜಾ ಕೂಡ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಮತ್ತೆ ಬಂದಾಗ ಗಿರಿಜಾ ಸ್ವಲ್ಪ ಗೆಲುವಾಗಿದ್ದರು. ಭುಜದ ಕೀಲು ಜಾರಿದ್ದು ನಿಜವಂತೆ, ಈಗ ಆಸರೆ ಪಟ್ಟಿ ಹಾಕಿದ್ದಾರೆ. ಯಜಮಾನರು ಇನ್ನೂ ನಡೆಯುತ್ತಿಲ್ಲ, ಆದರೆ ಮಂಚದ ಅಂಚಿಗೆ ತಾವೇ ಎದ್ದು ಕೂರುತ್ತಾರೆ. ಮನೋವೈದ್ಯರ ಹತ್ತಿರ ಹೋಗಲು ಮಾತ್ರ ಒಪ್ಪುತ್ತಿಲ್ಲ. ಮುಂದಿನ ಸಲ ಇಬ್ಬರೂ ಒಟ್ಟಿಗೆ ಬನ್ನಿ ಅಂದಿದ್ದೇನೆ.