ಓದುಗರ ಪ್ರಶ್ನೆ: ಅಡಿಕೆ ಶೆಡ್ಡಿನಲ್ಲಿ ವಿಮಾನ ಕಟ್ಟಬಹುದಾ?

ಕಿಟ್ ವಿಮಾನ ಅಂದರೆ ಬಿಡಿಭಾಗ ಪೆಟ್ಟಿಗೆಯಲ್ಲಿ ಬರುತ್ತದೆ, ಜೋಡಿಸುವುದು ನಿಮ್ಮ ಕೆಲಸ. ಹಿಂದಿನ ಸಂಚಿಕೆಯಲ್ಲಿ ಇದರ ಬಗ್ಗೆ ನಾಲ್ಕು ಸಾಲು ಬರೆದಿದ್ದೆ ಅಷ್ಟೇ. ಕಾಸರಗೋಡು ಕಡೆಯಿಂದಲೇ ಜಾಸ್ತಿ ಪತ್ರ ಬಂದಿವೆ. ಕೆಲವಕ್ಕೆ ಇಲ್ಲಿ ಉತ್ತರ.

ಮನೆ ಪಕ್ಕ ಅಡಿಕೆ ಸುಲಿಯುತ್ತಿದ್ದ ಶೆಡ್ ಖಾಲಿ ಇದೆ ಸರ್. ಎರಡು ಸೀಟಿನ ಕಿಟ್ ತರಿಸುವ ಆಸೆ. ಅಲ್ಯೂಮಿನಿಯಂ ಒಳ್ಳೆಯದಾ, ಫೈಬರ್ ಒಳ್ಳೆಯದಾ? (ಬದಿಯಡ್ಕದ ಓದುಗರು)

ನಮ್ಮ ಊರಿನ ಹವೆಗೆ ಅಲ್ಯೂಮಿನಿಯಂ. ಫೈಬರ್ ಕೆಟ್ಟದ್ದು ಅಂತಲ್ಲ. ಆದರೆ ಅದರ ಎಪಾಕ್ಸಿ ಅಂಟಿಗೆ ತೇವ ಆಗುವುದಿಲ್ಲ. ಹವೆಯಲ್ಲಿ ತೇವ ಜಾಸ್ತಿ ಇದ್ದಾಗ ಅಂಟು ಒಣಗಿದರೆ ಮೇಲೆ ಮೇಣದಂಥ ಒಂದು ಪದರ ಕೂರುತ್ತದೆ, ಅದನ್ನು ತೊಳೆದು ಉಜ್ಜಿ ತೆಗೆಯದೆ ಇನ್ನೊಂದು ಪದರ ಹಾಕಿದರೆ ಎರಡೂ ಸರಿಯಾಗಿ ಹಿಡಿಯುವುದಿಲ್ಲ. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆಯಲ್ಲಿ ಏಸಿ ಹಾಕಿದ ಕೋಣೆ ಇಲ್ಲದೆ ಆ ಕೆಲಸ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಂತ ಹಾಗೆಯೇ.

ಅಲ್ಯೂಮಿನಿಯಂಗೆ ಇರುವ ಶತ್ರು ಉಪ್ಪುಗಾಳಿ. ವಿಮಾನಕ್ಕೆ ಬಳಸುವ 2024-ಟಿ3 ತಗಡು ಗಟ್ಟಿ, ಆದರೆ ಅದರಲ್ಲಿ ತಾಮ್ರ ಬೆರೆತಿರುವುದರಿಂದ ಬೇಗ ತಿಂದುಹೋಗುತ್ತದೆ. ಅದಕ್ಕೇ ಮೇಲೆ ಶುದ್ಧ ಅಲ್ಯೂಮಿನಿಯಂನ ತೆಳು ಹೊದಿಕೆ ಕೊಟ್ಟಿರುತ್ತಾರೆ, ಒಂದು ಗೀರು ಬಿದ್ದರೆ ಅಲ್ಲಿ ಆ ಹೊದಿಕೆ ಹೋಯಿತು. ತಗಡನ್ನು ಸಿಮೆಂಟ್ ನೆಲದ ಮೇಲೆ ಎಳೆಯಬೇಡಿ. ಒಳಭಾಗಕ್ಕೆಲ್ಲ ಪ್ರೈಮರ್ ಹೊಡೆಯಿರಿ. ಬೇಡ, ತೂಕ ಜಾಸ್ತಿ ಆಗುತ್ತದೆ ಅನ್ನುವವರು ಅಮೆರಿಕದ ಒಣ ಊರುಗಳಲ್ಲಿ ಇರಬಹುದು, ಅವರ ಮಾತು ಇಲ್ಲಿಗಲ್ಲ.

ಕೆಲಸ ಕಷ್ಟದ್ದಲ್ಲ, ಉದ್ದದ್ದು. ಅಮೆರಿಕದ ವ್ಯಾನ್ಸ್ ಕಂಪೆನಿಯ ಎರಡು ಸೀಟಿನ ಕಿಟ್ ಆರ್‌ವಿ-7ಕ್ಕೆ 1500 ಗಂಟೆಗೂ ಜಾಸ್ತಿ ಹಿಡಿಯುವುದು ಮಾಮೂಲು. ಅದರಲ್ಲಿ ಬಡಿದು ಕೂರಿಸುವ ರಿವೆಟ್. ಒಬ್ಬರು ಹೊರಗಿನಿಂದ ಗನ್ ಹಿಡಿಯಬೇಕು, ಇನ್ನೊಬ್ಬರು ಹಿಂದಿನಿಂದ ಉಕ್ಕಿನ ತುಂಡು ಒತ್ತಿ ಹಿಡಿಯಬೇಕು. 3.2 ಮಿಲಿಮೀಟರ್ ರಿವೆಟ್ ಬಡಿದ ಮೇಲೆ ಹಿಂದಿನ ತಲೆ 4.8 ಅಗಲ, 1.6 ಎತ್ತರ ಬರಬೇಕು. ತುಂಬಾ ಚಪ್ಪಟೆಯಾದರೂ ತಪ್ಪು, ಓರೆಯಾದರೂ ತಪ್ಪು. ಕೊರೆದು ತೆಗೆದು ಮತ್ತೆ ಹಾಕಬೇಕು, ತೆಗೆಯುವಾಗ ತೂತು ದೊಡ್ಡದಾದರೆ ತಲೆನೋವು ಇನ್ನೂ ಜಾಸ್ತಿ. ಅದೇ ಕಂಪೆನಿಯ ಆರ್‌ವಿ-12ರಲ್ಲಿ ಹೆಚ್ಚಿನವು ಪಾಪ್ ರಿವೆಟ್, ಅಂದರೆ ಒಂದೇ ಬದಿಯಿಂದ ಎಳೆದು ಕೂರಿಸುವಂಥದ್ದು, ಒಬ್ಬರೇ ಮಾಡಬಹುದು. ಅದರ ರೆಕ್ಕೆ ಪಿನ್ ತೆಗೆದರೆ ಬಿಚ್ಚಿಬರುತ್ತದೆ, ಹಾಗಾಗಿ ನಿಮ್ಮ ಶೆಡ್ಡಿನ ಬಾಗಿಲು ಸಣ್ಣದಾದರೂ ಚಿಂತೆಯಿಲ್ಲ.

ಇಡೀ ಕಿಟ್ ಒಟ್ಟಿಗೆ ತರಿಸಬೇಡಿ. ಬಾಲದ ಭಾಗ ಬೇರೆಯೇ ಸಿಗುತ್ತದೆ, ಅದನ್ನು ಮುಗಿಸಿ ನೋಡಿ. ಬಾಲ ಮುಗಿಯುವ ಮೊದಲೇ ಆಸೆ ಮುಗಿದುಹೋದವರು ಬಹಳ ಜನ ಇದ್ದಾರೆ, ಅದರಲ್ಲಿ ನಾಚಿಕೆ ಏನೂ ಇಲ್ಲ, ದುಡ್ಡು ಉಳಿಯಿತು ಅಷ್ಟೇ. ಆದರೆ ಬಾಲಕ್ಕೂ ಆರ್ಡರ್ ಕೊಡುವ ಮೊದಲು ಮುಂದಿನ ಉತ್ತರ ಓದಿ.

ನಮ್ಮ ಕಡೆ ಪದವು ಖಾಲಿ ಬಿದ್ದಿದೆ, ಮುರಕಲ್ಲಿನ ಗಟ್ಟಿ ನೆಲ. ಅಲ್ಲಿಂದಲೇ ಹಾರಿಸಿದರೆ ಯಾರು ಕೇಳುತ್ತಾರೆ? (ಪೆರ್ಲದ ಓದುಗರು)

ಎಲ್ಲರೂ ಕೇಳುತ್ತಾರೆ ಮಾರಾಯ್ರೆ. ನಾಗರಿಕ ವಿಮಾನಗಳನ್ನು ನೋಡಿಕೊಳ್ಳುವ ಕೇಂದ್ರ ಸರಕಾರದ ಡಿಜಿಸಿಎ ಕೊಟ್ಟ, ವಿಟಿ ಅಂತ ಶುರುವಾಗುವ ನೋಂದಣಿ ನಂಬರ್ ಇಲ್ಲದೆ, ಹಾರಲು ಅನುಮತಿ ಇಲ್ಲದೆ, ನಿಮಗೆ ಲೈಸೆನ್ಸ್ ಇಲ್ಲದೆ ಗಾಲಿ ನೆಲ ಬಿಡುವ ಹಾಗಿಲ್ಲ. ಉತ್ತರಕ್ಕೆ ಮಂಗಳೂರು ವಿಮಾನ ನಿಲ್ದಾಣ, ದಕ್ಷಿಣಕ್ಕೆ ಏಳಿಮಲೆಯ ನೌಕಾ ಅಕಾಡೆಮಿ, ಅದರಾಚೆ ಕಣ್ಣೂರು ನಿಲ್ದಾಣ. ಸುಮ್ನೆ ಹಾರಿ ಬರುವ ಆಕಾಶ ಅಲ್ಲ ಇದು.

ಕಾನೂನು ಬದಿಗಿಡಿ. ಪದವು ಗಟ್ಟಿ ಇರಬಹುದು, ಅದರ ಅಂಚಿನಲ್ಲಿ ಏನಿದೆ ನೋಡಿದ್ದೀರಾ? ಕೆಳಗೆ ಅಡಿಕೆ ತೋಟ, ತೆಂಗು, ಕಣಿವೆ, ಮನೆ. ಝೆನಿತ್‌ನಂಥ ಗಿಡ್ಡ ಓಟದ ವಿಮಾನ ನೂರು ಮೀಟರಿನೊಳಗೆ ಏಳುತ್ತದೆ ನಿಜ. ಎದ್ದ ಮೇಲೆ ಐವತ್ತು ಮೀಟರ್ ಎತ್ತರದಲ್ಲಿ ಇಂಜಿನ್ ನಿಂತರೆ ನೇರ ಮುಂದೆ ಇಳಿಯಲು ಜಾಗ ಬೇಕು, ತಿರುಗಿ ಬರುತ್ತೇನೆ ಅಂದವರು ಸಾಮಾನ್ಯವಾಗಿ ಬರುವುದಿಲ್ಲ.

ಇನ್ನು ಅನುಮತಿ. ಮುಂಬೈನ ಪೈಲಟ್ ಅಮೋಲ್ ಯಾದವ್ ಮನೆಯ ತಾರಸಿಯಲ್ಲೇ ಆರು ಸೀಟಿನ ವಿಮಾನ ಕಟ್ಟಿ 2016ರ ಮೇಕ್ ಇನ್ ಇಂಡಿಯಾ ಮೇಳದಲ್ಲಿ ತೋರಿಸಿದರು. ನೋಂದಣಿ ಸಿಕ್ಕಿದ್ದು 2017ರಲ್ಲಿ, ವಿಟಿ-ಎನ್‌ಎಂಡಿ ಅಂತ. ಅದಕ್ಕೆ ವರ್ಷಗಟ್ಟಲೆ ಓಡಾಡಿದ್ದಾರೆ. ಅದೇ ನಮ್ಮ ಕೇರಳದ ಆಲಪ್ಪುಳದವರಾದ ಅಶೋಕ್ ತಾಮರಾಕ್ಷನ್ ಇಂಗ್ಲೆಂಡಿನಲ್ಲಿದ್ದು, ಲಾಕ್‌ಡೌನ್ ಕಾಲದಲ್ಲಿ ದಕ್ಷಿಣ ಆಫ್ರಿಕಾದ ಸ್ಲಿಂಗ್ ಟಿಎಸ್‌ಐ ಕಿಟ್ ಜೋಡಿಸಿ, 2022ರಲ್ಲಿ ಹೆಂಡತಿ ಮಕ್ಕಳೊಂದಿಗೆ ಯುರೋಪ್ ಸುತ್ತಿದರು. ಇಬ್ಬರೂ ಜಾಣರೇ. ವ್ಯತ್ಯಾಸ ಇರುವುದು ವ್ಯವಸ್ಥೆಯಲ್ಲಿ. ಅಲ್ಲಿ ಮನೆಯಲ್ಲಿ ವಿಮಾನ ಕಟ್ಟುವವರಿಗೆಂದೇ ಸಂಘ ಇದೆ, ಹಂತ ಹಂತಕ್ಕೆ ಇನ್‌ಸ್ಪೆಕ್ಟರ್ ಬಂದು ನೋಡುತ್ತಾರೆ. ಇಲ್ಲಿ ಆ ದಾರಿ ಇನ್ನೂ ಸವೆದಿಲ್ಲ. ಹಾಗಾಗಿ ಕಿಟ್‌ಗೆ ಅಡ್ವಾನ್ಸ್ ಕೊಡುವ ಮೊದಲು, ಯಾವ ಮಾಡೆಲ್, ಯಾವ ಇಂಜಿನ್, ಎಲ್ಲಿ ಕಟ್ಟುತ್ತೀರಿ ಅಂತ ಡಿಜಿಸಿಎಗೆ ಬರೆದು, ಉತ್ತರವನ್ನೂ ಬರಹದಲ್ಲೇ ತೆಗೆದುಕೊಳ್ಳಿ. ಫೋನಿನಲ್ಲಿ ‘ಆಗುತ್ತದೆ’ ಅಂದದ್ದು ಲೆಕ್ಕಕ್ಕಿಲ್ಲ. ಪೆಟ್ಟಿಗೆ ಕಸ್ಟಮ್ಸ್‌ನಲ್ಲಿ ಕೂತ ಮೇಲೆ ದಿನ ದಿನಕ್ಕೆ ಬಾಡಿಗೆ ಕಟ್ಟುವವರು ನೀವೇ.

ರೋಟ್ಯಾಕ್ಸ್ ಇಂಜಿನ್ ಮಾಮೂಲು ಪೆಟ್ರೋಲಿನಲ್ಲಿ ಓಡುತ್ತದಂತೆ. ಕುಂಬಳೆ ಪಂಪಿನಿಂದ ಕ್ಯಾನಿನಲ್ಲಿ ತಂದರೆ ಸಾಕಲ್ವಾ? ಇಲ್ಲಾ ಹಳೇ ಕಾರಿನ ಇಂಜಿನ್ನೇ ಕೂರಿಸಿದರೆ ಹೇಗೆ? (ಕುಂಬಳೆಯ ಓದುಗರು)

ಸಾಲದು. ರೋಟ್ಯಾಕ್ಸ್ 912ಕ್ಕೆ ಕಾರಿನ ಪೆಟ್ರೋಲ್ ಆಗುತ್ತದೆ ಅನ್ನುವುದು ಸರಿ, ಆದರೆ ಎಥೆನಾಲ್ ಶೇಕಡಾ 10ರವರೆಗೆ ಮಾತ್ರ. ನಮ್ಮ ಪಂಪುಗಳಲ್ಲಿ ಈಗ ಬರುತ್ತಿರುವುದು ಶೇಕಡಾ 20 ಬೆರೆಸಿದ್ದು. ಎಥೆನಾಲ್ ಗಾಳಿಯ ತೇವ ಹೀರುತ್ತದೆ, ಕೆಲವು ಜಾತಿಯ ರಬ್ಬರ್ ಪೈಪು, ಟ್ಯಾಂಕಿನ ಸೀಲಂಟ್ ಮೆತ್ತಗಾಗಿಸುತ್ತದೆ. ವಿಮಾನ ವಾರಗಟ್ಟಲೆ ನಿಂತೇ ಇರುತ್ತದೆ, ಆಗ ನೀರು ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯಬಹುದು.

ಮನೆಯಲ್ಲೇ ನೋಡಬೇಕಾ? ಗೆರೆ ಹಾಕಿದ ಉದ್ದ ಗಾಜಿನ ಜಾಡಿಯಲ್ಲಿ 10 ಮಿಲಿ ನೀರು ಹಾಕಿ, ಮೇಲಿಂದ 90 ಮಿಲಿ ಪೆಟ್ರೋಲ್ ಹಾಕಿ. ಮುಚ್ಚಿ ಅಲುಗಾಡಿಸಿ ಬಿಡಿ. ನೀರಿನ ಗೆರೆ ಹತ್ತರಲ್ಲೇ ನಿಂತರೆ ಎಥೆನಾಲ್ ಇಲ್ಲ. ಮೇಲೇರಿದರೆ ಇದೆ, ಎಷ್ಟು ಏರಿತೋ ಅಷ್ಟು ಜಾಸ್ತಿ. ಬಯಲಲ್ಲಿ ಮಾಡಿ, ಬೀಡಿ ಸೇದುವವರನ್ನು ದೂರ ಕಳಿಸಿ.

ವಿಮಾನದ ಪೆಟ್ರೋಲ್ 100 ಎಲ್‌ಎಲ್ ಹಾಕಬಹುದು. 2022ರಿಂದ ಇಂಡಿಯನ್ ಆಯಿಲ್ ಅದನ್ನು ವಡೋದರಾದಲ್ಲಿ ಮಾಡುತ್ತಿದೆ. ಅದರಲ್ಲಿ ಸೀಸ ಇರುವುದರಿಂದ ಇಂಜಿನ್ ಆಯಿಲ್ ಬೇಗ ಬೇಗ ಬದಲಿಸಬೇಕು.

ಕಾರಿನ ಇಂಜಿನ್ ವಿಷಯ: ಫೋಕ್ಸ್‌ವ್ಯಾಗನ್ ಬೀಟಲ್, ಸುಬಾರು ಇಂಜಿನ್ ಹಾಕಿ ಹಾರಿದವರು ಹೊರಗೆ ಬಹಳ ಇದ್ದಾರೆ. ಆದರೆ ರೋಟ್ಯಾಕ್ಸ್‌ನಲ್ಲಿ ಒಂದೊಂದು ಸಿಲಿಂಡರಿಗೆ ಎರಡೆರಡು ಪ್ಲಗ್, ಎರಡು ಬೇರೆ ಬೇರೆ ಇಗ್ನಿಷನ್. ಒಂದು ಕೈಕೊಟ್ಟರೂ ಇನ್ನೊಂದರಲ್ಲಿ ಮನೆಗೆ ಬರಬಹುದು. ಮೊದಲ ವಿಮಾನಕ್ಕೆ ಇಂಜಿನ್ನಿನಲ್ಲಿ ಜಾಣತನ ತೋರಿಸಬೇಡಿ.

ಡ್ಯಾಶ್‌ಬೋರ್ಡಿಗೆ ಟ್ಯಾಬ್ ಒಂದು ಸಾಕಾಗದಾ? ವೈರಿಂಗ್ ನನಗೆ ಬರುತ್ತದೆ, ನಾನು ಇಲೆಕ್ಟ್ರೀಷಿಯನ್. (ಮಂಜೇಶ್ವರದ ಓದುಗರು)

ಟ್ಯಾಬ್ ನಕ್ಷೆ ನೋಡಲು ಚೆನ್ನಾಗಿದೆ. ಬಿಸಿಲಿಗೆ ಕಾದು ಆಫ್ ಆಗುತ್ತದೆ, ಅಲ್ವಾ? ಜಿಪಿಎಸ್ ತೋರಿಸುವುದು ನೆಲದ ಮೇಲಿನ ವೇಗ, ರೆಕ್ಕೆಗೆ ಬೇಕಾದದ್ದು ಗಾಳಿಯ ವೇಗ. ಅದಕ್ಕೆ ಪಿಟೋ ಕೊಳವೆ, ಅಂದರೆ ಎದುರು ಬರುವ ಗಾಳಿಯ ಒತ್ತಡದಿಂದ ವೇಗ ಅಳೆಯುವ ಸಣ್ಣ ಕೊಳವೆ, ಬೇಕೇ ಬೇಕು. ಕೊಳವೆಗೆ ಮುಚ್ಚಳ ಹಾಕುವುದು ಮರೆಯಬೇಡಿ. ನಮ್ಮಲ್ಲಿ ಕುಂಬಾರ ಹುಳ ಎಲ್ಲಿ ತೂತು ಕಂಡರೂ ಮಣ್ಣು ತುಂಬುತ್ತದೆ. 1996ರಲ್ಲಿ ಡೊಮಿನಿಕನ್ ರಿಪಬ್ಲಿಕ್‌ನಲ್ಲಿ ಬಿರ್ಗೆನ್‌ಏರ್ ಬೋಯಿಂಗ್ 757 ಬಿದ್ದು 189 ಜನ ಸತ್ತರು. ಪಿಟೋ ಕೊಳವೆ ಕಟ್ಟಿಕೊಂಡು ವೇಗ ತಪ್ಪು ತೋರಿಸಿತ್ತು, ಅನುಮಾನ ಇಂಥದ್ದೇ ಹುಳದ ಮೇಲೆ.

ಮನೆ ವೈರಿಂಗಿನ ಪಿವಿಸಿ ವೈರ್ ತಂದು ಎಳೆಯಬೇಡಿ, ಸುಟ್ಟರೆ ಅದರ ಹೊಗೆ ವಿಷ, ಕಾಕ್‌ಪಿಟ್ಟಿನಲ್ಲಿ ಕಿಟಕಿ ತೆರೆದು ಹೊರಗೆ ಓಡುವ ಹಾಗಿಲ್ಲ. ಟೆಫ್‌ಜೆಲ್ ಹೊದಿಕೆಯ ವಿಮಾನದ ವೈರೇ ಆಗಬೇಕು. ತುದಿಗೆ ಬೆಸುಗೆಗಿಂತ ಕ್ರಿಂಪ್ (ಲೋಹದ ತುದಿಯನ್ನು ತಂತಿಗೆ ಒತ್ತಿ ಕೂರಿಸುವುದು) ಒಳ್ಳೆಯದು, ನಡುಕಕ್ಕೆ ಬೆಸುಗೆಯ ಬುಡದಲ್ಲೇ ತಂತಿ ತುಂಡಾಗುತ್ತದೆ. ನಿಲ್ದಾಣದವರ ಜೊತೆ ಮಾತಾಡುವ ವಿಎಚ್‌ಎಫ್ ರೇಡಿಯೋಗೆ, ರೇಡಿಯೋ ಪರವಾನಗಿ ಕೊಡುವ ಕೇಂದ್ರ ಸರಕಾರದ ಕಚೇರಿಯಾದ ದಿಲ್ಲಿಯ ಡಬ್ಲ್ಯೂಪಿಸಿಯಿಂದ ಬೇರೆಯೇ ಲೈಸೆನ್ಸ್.

ಮಗಳಿಗೆ 14 ವರ್ಷ. ಶೆಡ್ಡಿಗೆ ಬರುತ್ತೇನೆ ಅಂತ ಹಟ. ಸೇರಿಸಿಕೊಳ್ಳಬಹುದಾ? (ಮುಳ್ಳೇರಿಯದ ಓದುಗರು)

ಧಾರಾಳವಾಗಿ. ರೆಕ್ಕೆಯ ಒಳಗೆ ನಿಮ್ಮ ಕೈ ಹೋಗದ ಕಡೆ ಅವಳ ಕೈ ಹೋಗುತ್ತದೆ, ಅರ್ಧ ಕೆಲಸ ಅವಳದ್ದೇ ಆದೀತು. 16ಕ್ಕೆ ಸ್ಟೂಡೆಂಟ್ ಪೈಲಟ್ ಲೈಸೆನ್ಸ್, 17ಕ್ಕೆ ಪ್ರೈವೇಟ್ ಪೈಲಟ್ ಲೈಸೆನ್ಸ್ ತೆಗೆದುಕೊಳ್ಳಬಹುದು. ನಿಮ್ಮ ವಿಮಾನ ಮುಗಿಯುವ ಹೊತ್ತಿಗೆ ಅವಳಿಗೆ ವಯಸ್ಸು ಆಗಿಯೇ ಇರುತ್ತದೆ. ರಿವೆಟ್ ಗನ್ ಸದ್ದು ಜೋರು, ಇಬ್ಬರೂ ಕಿವಿಗೆ ಮಫ್, ಕಣ್ಣಿಗೆ ಕನ್ನಡಕ ಹಾಕಿ. ಪಕ್ಕದ ಮನೆಯವರು ಮಧ್ಯಾಹ್ನ ಉಂಡು ಮಲಗುವವರಾದರೆ ನಾಲ್ಕು ಗಂಟೆಯ ಮೇಲೆ ಶುರುಮಾಡಿ.